ಔಷಧಕ್ಕೆ ಬೆಲೆಯುಂಟು, ಔಷಧ ಕೊಡುವವನಿಗೆ?

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗ ನನ್ನನ್ನು ಒಂದು ಪ್ರಶ್ನೆ ಕೇಳಿದ. ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿಸಿ ಮುಂದೇನು ಎಂದು ಯೋಚಿಸುತ್ತಿದ್ದ ಹುಡುಗ. "ಮಾಮಾ, ನಾನೂ ನಿಮ್ಮಂಗ ಡಿ.ಫಾರ್ಮ ಮಾಡಲೇನ್ರಿ? ಮುಂಬಯಿಗೆ ಬಂದ್ರ ಕೆಲಸ ಸಿಗತೈತಲ್ರಿ?" ಎಂದ. ಮೂವತ್ತೈದು ವರ್ಷಕ್ಕೂ ಮಿಕ್ಕಿ ಇದೇ ವೃತ್ತಿಯಲ್ಲಿ ಅನ್ನ ಉಂಡವನು ನಾನು. ಥಟ್ಟನೆ ಹೂಂ ಎನ್ನಬೇಕಾಗಿತ್ತು. ಆದರೆ ಆ ಮಾತು ಬಾಯಿಗೆ ಬರಲಿಲ್ಲ. "ನೋಡೋಣಪಾ, ಹೇಳತೀನಿ" ಎಂದು ಎದ್ದುಬಿಟ್ಟೆ. ಐರೋಲಿಗೆ ಮರಳಿದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಅವನಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಕೂಡಿಹಾಕಿದ್ದನ್ನು ನಮ್ಮ ಓದುಗರ ಮುಂದೆಯೂ ಇಡಬೇಕೆನಿಸಿತು. ಏಕೆಂದರೆ ಇದು ಒಬ್ಬ ಹುಡುಗನ ಹೊಟ್ಟೆಪಾಡಿನ ವಿಚಾರವಾಗಿ ಮಾತ್ರ ಉಳಿದಿಲ್ಲ. ಔಷಧವಿಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ನಾನು ಈ ಊರಿಗೆ ಬಂದದ್ದು 1984ರಲ್ಲಿ. ಆಗಿನ ವಿಜಾಪುರ ಜಿಲ್ಲೆಯ, ಈಗಿನ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯವನು. ಹುಬ್ಬಳ್ಳಿಯಲ್ಲಿ ಎರಡು ವರ್ಷ ಓದಿ, ಕರ್ನಾಟಕದ ನೋಂದಣಿಯನ್ನು ಮಹಾರಾಷ್ಟ್ರಕ್ಕೆ ಬದಲಾಯಿಸಿಕೊಂಡು, ಠಾಣೆಯ ಒಂದು ಖಾಸಗಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಸೇರಿದೆ. ಐರೋಲಿಗೆ ಬಂದು ನೆಲೆಸಿದ್ದು 1992ರಲ್ಲಿ. ಸಿಡ್ಕೊ ಕಟ್ಟಿದ ಸಾಲು ಮನೆಗಳು, ಅತ್ತ ಖಾಡಿ, ಇತ್ತ ಠಾಣೆ-ಬೇಲಾಪುರ ರಸ್ತೆ ಮತ್ತು ಅದರ ಉದ್ದಕ್ಕೂ ಕಾರಖಾನೆಗಳು. ಮುಲುಂಡಿಗೆ ಸೇತುವೆಯಾದದ್ದು 1999ರಲ್ಲಿ. ರೈಲು ಬಂದದ್ದು 2004ರಲ್ಲಿ. ಅಲ್ಲಿಯವರೆಗೆ ರಾತ್ರಿ ಪಾಳಿ ಮುಗಿಸಿ ಕಳವಾ ಸುತ್ತಿ ಮನೆ ಸೇರುವಷ್ಟರಲ್ಲಿ ಹಾಲಿನವನು ಬಂದು ಹೋಗಿರುತ್ತಿದ್ದ.

ನಮ್ಮ ಕಟ್ಟಡದ ಕನ್ನಡಿಗರಲ್ಲಿ ಹೆಚ್ಚಿನವರು ಆ ಕಾರಖಾನೆಗಳಲ್ಲಿ ದುಡಿಯುತ್ತಿದ್ದವರು. ತಿಂಗಳ ಮೊದಲ ವಾರ ಅವರ ಮಾತಿನಲ್ಲಿ ಒಂದೇ ಶಬ್ದ: ಓ.ಟಿ. ಈ ತಿಂಗಳು ಎಷ್ಟು ತಾಸು ಓ.ಟಿ. ಆಯಿತು, ಎಷ್ಟು ಬಂತು. ಸಿಡ್ಕೊ ಮನೆಯ ಕಂತು, ಮಗಳ ಮದುವೆ, ಊರಲ್ಲಿಯ ಬಾವಿ, ಎಲ್ಲಕ್ಕೂ ಆ ಓ.ಟಿ.ಯೇ ಆಧಾರ. ಸಂಬಳದ ಚೀಟಿಯಲ್ಲಿ ಅದಕ್ಕೊಂದು ಕಾಲಮ್ಮು ಇತ್ತು. ಹೆಚ್ಚು ದುಡಿದರೆ ದುಪ್ಪಟ್ಟು ದರ ಎಂಬುದು ಅವರು ಹೋರಾಡಿ ಪಡೆದುಕೊಂಡ, ಕಾನೂನು ಒಪ್ಪಿಕೊಂಡ ಮಾತು. ಅವರ ಮನೆಗಳ ಕೆಳಗೇ ಇದ್ದ ಔಷಧದಂಗಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತವನು ರಾತ್ರಿ ಹನ್ನೊಂದಕ್ಕೂ ನಿಂತೇ ಇರುತ್ತಿದ್ದ. ಅವನ ಸಂಬಳದಲ್ಲಿ ಆ ಕಾಲಮ್ಮು ಇರಲಿಲ್ಲ. ಇದನ್ನು ಯಾರೂ ಗಮನಿಸಿದಂತೆ ನನಗೆ ನೆನಪಿಲ್ಲ. ನಾನೂ ಗಮನಿಸಲಿಲ್ಲ.

ಮೊದಲು ಹೆಸರಿನಿಂದ ಆರಂಭಿಸೋಣ. ನಮ್ಮ ಹಿರಿಯರು ಅವನನ್ನು ಕಂಪೌಂಡರ್ ಎನ್ನುತ್ತಿದ್ದರು. ಅವನು ಬಾಟಲಿಯಲ್ಲಿ ಔಷಧ ಬೆರೆಸಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸಿ ಕೊಡುತ್ತಿದ್ದ. ಓದು ಬಾರದ ಅಜ್ಜಿಗೂ ಆ ಪಟ್ಟಿ ತಿಳಿಯುತ್ತಿತ್ತು. ಇಂದು ಬೆರೆಸುವ ಕೆಲಸ ಕಾರಖಾನೆಗೆ ಹೋಗಿದೆ. ಅಂಗಡಿಯಲ್ಲಿ ಉಳಿದದ್ದು ಗುಳಿಗೆಯ ಪಟ್ಟಿ ಕತ್ತರಿಸಿ ಕೊಡುವುದು ಎಂದು ಜನ ತಿಳಿದಿದ್ದಾರೆ. ಆದ್ದರಿಂದ ಅವನು 'ಮೆಡಿಕಲ್‌ನವ' ಆಗಿದ್ದಾನೆ. ಕಿರಾಣಿಯವ, ಇಸ್ತ್ರಿಯವ, ಮೆಡಿಕಲ್‌ನವ. ಡಾಕ್ಟರರ ಪದವಿ ಏನೆಂದು ವಿಚಾರಿಸುವ ನಾವು ಇವನು ಏನು ಓದಿದ್ದಾನೆ, ಓದಿದ್ದಾನೆಯೇ ಇಲ್ಲವೇ ಎಂದು ಎಂದೂ ಕೇಳುವುದಿಲ್ಲ.

ಆದರೆ ಕಾನೂನು ಕೇಳುತ್ತದೆ. ಬ್ರಿಟಿಷ್ ಸರಕಾರ 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಲಬೆರಕೆ ಮತ್ತು ಕಳಪೆ ಔಷಧಗಳಷ್ಟೇ ಮುಖ್ಯವಾಗಿ ಆ ಸಮಿತಿಯ ಕಣ್ಣಿಗೆ ಬಿದ್ದದ್ದು, ಔಷಧ ವಿತರಿಸುವವರಿಗೆ ಶಿಕ್ಷಣವಾಗಲಿ ನೋಂದಣಿಯಾಗಲಿ ಇಲ್ಲವೆಂಬ ಸಂಗತಿ. ಅದರ ಫಲವಾಗಿ 1940ರಲ್ಲಿ ಔಷಧ ಕಾಯ್ದೆಯೂ, ಸ್ವಾತಂತ್ರ್ಯದ ನಂತರ 1948ರಲ್ಲಿ ಫಾರ್ಮಸಿ ಕಾಯ್ದೆಯೂ ಬಂದವು. ನೋಂದಾಯಿತ ಫಾರ್ಮಾಸಿಸ್ಟನಲ್ಲದೆ ಬೇರೆ ಯಾರೂ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸಕೂಡದು ಎಂದು ಈ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ಅಂಥ ಔಷಧವನ್ನು ಅವನ ಖುದ್ದು ಮೇಲ್ವಿಚಾರಣೆಯಲ್ಲಿಯೇ ಕೊಡಬೇಕೆಂದು ಔಷಧ ನಿಯಮಾವಳಿಯ 65ನೆಯ ನಿಯಮ ಹೇಳುತ್ತದೆ. ಅಂಗಡಿಯ ಫಲಕದ ಮೇಲೆ 'ಕೆಮಿಸ್ಟ್ಸ್ ಎಂಡ್ ಡ್ರಗ್ಗಿಸ್ಟ್ಸ್' ಎಂದು ಬರೆದಿರುವುದನ್ನು ನಾವು ದಿನವೂ ನೋಡುತ್ತೇವೆ. ಅದು ಕೇವಲ ಅಲಂಕಾರದ ಮಾತೆಂದು ತಿಳಿಯಬೇಡಿ. ನೋಂದಾಯಿತ ಫಾರ್ಮಾಸಿಸ್ಟ್ ಇರುವ ಅಂಗಡಿ ಮಾತ್ರ ಆ ಹೆಸರನ್ನು ಹಾಕಿಕೊಳ್ಳಬಹುದೆಂದು ಅದೇ ನಿಯಮ ವಿಧಿಸಿದೆ.

ಅದೇ 1948ರಲ್ಲಿ ಈ ಪ್ರಾಂತದಲ್ಲಿ ಇನ್ನೊಂದು ಕಾಯ್ದೆಯೂ ಹುಟ್ಟಿತು: ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಅಂಗಡಿಯ ನೌಕರನಿಗೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ನಲವತ್ತೆಂಟು ತಾಸಿಗಿಂತ ಹೆಚ್ಚು ಕೆಲಸ ಕೊಡಕೂಡದು, ಕೊಟ್ಟರೆ ದುಪ್ಪಟ್ಟು ದರ ಕೊಡಬೇಕು ಎಂದು ಅದು ಹೇಳಿತು. ಒಂದು ಕಾಯ್ದೆ ಫಾರ್ಮಾಸಿಸ್ಟನ ಹೊಣೆಯನ್ನು ಹೇಳಿತು, ಇನ್ನೊಂದು ಅವನ ದಣಿವಿಗೆ ಮಿತಿ ಹಾಕಿತು. ಕಾಗದದ ಮೇಲಾದರೂ ಎರಡೂ ಜೊತೆಯಾಗಿದ್ದವು.

ಈ ಜೊತೆ 2017ರ ಡಿಸೆಂಬರಿನಲ್ಲಿ ಮುರಿಯಿತು. ಆಗ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಅಂಗಡಿ ಕಾಯ್ದೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಉಳಿದವರು ತಮ್ಮ ವ್ಯವಹಾರದ ಸೂಚನೆ ಕೊಟ್ಟರೆ ಸಾಕು. ವರ್ಷದ 365 ದಿನವೂ ಅಂಗಡಿ ತೆರೆದಿಡಲು ಅದೇ ಕಾಯ್ದೆ ದಾರಿ ಮಾಡಿತು. ಮುಂದೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಆ ಹತ್ತರ ಮಿತಿಯನ್ನು ಇಪ್ಪತ್ತಕ್ಕೆ ಏರಿಸಲು, ದಿನದ ದುಡಿಮೆಯನ್ನು ಒಂಬತ್ತರಿಂದ ಹತ್ತು ತಾಸಿಗೆ ಹೆಚ್ಚಿಸಲು ಒಪ್ಪಿಗೆ ಕೊಟ್ಟಿತು. ನಮ್ಮ ಬೀದಿಯ ಯಾವ ಔಷಧದಂಗಡಿಯಲ್ಲಿ ಇಪ್ಪತ್ತು ಜನ ಇದ್ದಾರೆ? ಮೂವರು, ಹೆಚ್ಚೆಂದರೆ ನಾಲ್ವರು. ಕನಿಷ್ಠ ವೇತನದ ಕಾನೂನು ಎಲ್ಲರ ಮೇಲೂ ಇದೆ ನಿಜ. ಆದರೆ ಮೂವರೇ ಇರುವ ಅಂಗಡಿಯಲ್ಲಿ ಒಬ್ಬ ನೌಕರ ಮಾಲೀಕನ ಎದುರು ನಿಂತು ಹೆಚ್ಚುವರಿ ತಾಸುಗಳ ಲೆಕ್ಕ ಕೇಳುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬುದು ದುಡಿದವರಿಗೆ ಗೊತ್ತು.

ಈಗ ಒಂದು ಸರಳ ಲೆಕ್ಕ ಮಾಡೋಣ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುವ ಅಂಗಡಿ ದಿನಕ್ಕೆ ಹದಿನಾಲ್ಕು ತಾಸು, ವಾರಕ್ಕೆ ತೊಂಬತ್ತೆಂಟು ತಾಸು ನಡೆಯುತ್ತದೆ. ಅಷ್ಟೂ ಹೊತ್ತು ಫಾರ್ಮಾಸಿಸ್ಟ್ ಇರಬೇಕೆಂದು ಕಾನೂನು ಹೇಳುತ್ತದೆ. ಮನುಷ್ಯನ ದುಡಿಮೆಯ ವಾರವೆಂದು ನಾವು ಒಪ್ಪಿಕೊಂಡದ್ದು ನಲವತ್ತೆಂಟು ತಾಸು. ಹಾಗಾದರೆ ಆ ಅಂಗಡಿಗೆ ಇಬ್ಬರು ಫಾರ್ಮಾಸಿಸ್ಟರು ಬೇಕು. ಇಬ್ಬರಿದ್ದರೂ ಎರಡು ತಾಸು ಕಡಿಮೆ ಬೀಳುತ್ತದೆ. ಗೋಡೆಯ ಮೇಲೆ ಇರುವುದು ಒಂದೇ ಸರ್ಟಿಫಿಕೇಟು. ಉಳಿದ ಐವತ್ತು ತಾಸು ಅಲ್ಲಿ ಯಾರಿದ್ದಾರೆ? ಇದಕ್ಕೆ ಎರಡೇ ಉತ್ತರ ಸಾಧ್ಯ. ಅದೇ ಮನುಷ್ಯ ಕಾಲು ಬಾವು ಬಂದರೂ ನಿಂತಿದ್ದಾನೆ. ಇಲ್ಲವೇ ಫಾರ್ಮಾಸಿಸ್ಟ್ ಅಲ್ಲದ ಹುಡುಗನೊಬ್ಬ ನಮ್ಮ ಚೀಟಿ ಓದುತ್ತಿದ್ದಾನೆ.

ಈ ಲೆಕ್ಕವನ್ನು ಅಂಗಡಿಯವರೇ ಒಮ್ಮೆ ಬಹಿರಂಗವಾಗಿ ಒಪ್ಪಿಕೊಂಡಿದ್ದರು. 2012ರ ಸುಮಾರಿಗೆ ರಾಜ್ಯದ ಆಹಾರ ಮತ್ತು ಔಷಧ ಆಡಳಿತದ ಆಯುಕ್ತರಾಗಿದ್ದ ಮಹೇಶ ಝಗಡೆ ಅವರು ಫಾರ್ಮಾಸಿಸ್ಟ್ ಇಲ್ಲದೆ ಔಷಧ ಮಾರುವ ಅಂಗಡಿಗಳ ಮೇಲೆ ಬಿಗಿ ಕ್ರಮ ಕೈಗೊಂಡರು. ಅಂಗಡಿಗಳವರು ಸಿಟ್ಟಿಗೆದ್ದು, ಹಾಗಾದರೆ ಒಬ್ಬ ಫಾರ್ಮಾಸಿಸ್ಟ್ ದುಡಿಯುವ ಎಂಟು ತಾಸು ಮಾತ್ರ ಅಂಗಡಿ ತೆರೆಯುತ್ತೇವೆ ಎಂದು ಘೋಷಿಸಿದರು. ಪತ್ರಿಕೆಗಳಲ್ಲಿ ರೋಗಿಗಳ ಗತಿಯೇನೆಂಬ ಕೂಗೆದ್ದಿತು. ನನಗೆ ಮಾತ್ರ ಆ ಬೆದರಿಕೆಯಲ್ಲಿ ಸತ್ಯವೊಂದು ಹೊರಬಿದ್ದಂತೆ ಕಂಡಿತು. ಒಬ್ಬ ಮನುಷ್ಯನಿಂದ ಆಗುವುದು ಎಂಟು ತಾಸಿನ ಕೆಲಸ ಎಂದು ಅವರೇ ಹೇಳಿದ್ದರಲ್ಲವೇ? ಅಲ್ಲಿಯವರೆಗೆ ಉಳಿದ ತಾಸುಗಳು ಹೇಗೆ ಸಾಗಿದ್ದವು ಎಂದು ಯಾರೂ ಮರಳಿ ಕೇಳಲಿಲ್ಲ.

ಹೇಗೆ ಸಾಗುತ್ತಿದ್ದವು ಎಂಬುದು ನನಗೆ ಗೊತ್ತು. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ತೊಂಬತ್ತರ ದಶಕದಲ್ಲಿ ನನ್ನ ಸರ್ಟಿಫಿಕೇಟು ನಾನು ಕೂಡದ ಒಂದು ಅಂಗಡಿಯ ಗೋಡೆಯ ಮೇಲೆ ತೂಗುತ್ತಿತ್ತು. ಆಸ್ಪತ್ರೆಯ ಸಂಬಳ ಮನೆಯ ಕಂತಿಗೆ ಸಾಲುತ್ತಿರಲಿಲ್ಲ. ಫಾರ್ಮಾಸಿಸ್ಟನ ಓ.ಟಿ. ಎಂದರೆ ಇದೇ ಎಂದು ಸಹೋದ್ಯೋಗಿಯೊಬ್ಬರು ನಕ್ಕು ದಾರಿ ತೋರಿಸಿದರು. ತಿಂಗಳಿಗೊಮ್ಮೆ ಹೋಗಿ ಲಕೋಟೆ ತರುತ್ತಿದ್ದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಚುರುಕಿನವನೇ. ಯಾವ ಗುಳಿಗೆ ಯಾವ ಖಾನೆಯಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅದೇ ಸಾಕೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಒಂದು ದಿನ ನಮ್ಮ ಆಸ್ಪತ್ರೆಗೆ ನಮ್ಮವರೇ ಒಬ್ಬ ಹಿರಿಯರನ್ನು ಎತ್ತಿಕೊಂಡು ಬಂದರು. ಬಸ್ ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ರಕ್ತದ ಸಕ್ಕರೆ ತೀರ ಇಳಿದಿತ್ತು. ಗ್ಲೂಕೋಸು ಕೊಟ್ಟ ಮೇಲೆ ಚೇತರಿಸಿಕೊಂಡರು, ದೇವರು ದೊಡ್ಡವನು. ಅವರ ಚೀಲದಲ್ಲಿ ಎರಡು ಬಗೆಯ ಗುಳಿಗೆಗಳಿದ್ದವು. ಒಂದು ಹಳೆಯ ಡಾಕ್ಟರು ಬರೆದದ್ದು, ಇನ್ನೊಂದು ಹೊಸ ಡಾಕ್ಟರು ಬರೆದದ್ದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಒಂದೇ: ಗ್ಲಿಬೆನ್‌ಕ್ಲಮೈಡ್. ಎರಡನ್ನೂ ತಪ್ಪದೆ ನುಂಗುತ್ತಿದ್ದರು. ಎರಡು ಚೀಟಿಗಳನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಟ್ಟಿದ್ದರು. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ ಯಾವ ಫಾರ್ಮಾಸಿಸ್ಟನೂ "ಕಾಕಾ, ಇವೆರಡೂ ಒಂದೇ, ಡಾಕ್ಟರನ್ನು ಕೇಳಿ ಬರ್ರಿ" ಎನ್ನುತ್ತಿದ್ದ. ಬಿಲ್ಲನ್ನು ತಿರುಗಿಸಿ ನೋಡಿದೆ. ಕೆಳಗೆ ನನ್ನ ಹೆಸರಿನ ಸಹಿ ಇತ್ತು. ಆ ಸಹಿ ನಾನು ಮಾಡಿದ್ದಾಗಿರಲಿಲ್ಲ.

ಅದೇ ಸಂಜೆ ಹೋಗಿ ಸರ್ಟಿಫಿಕೇಟು ಇಳಿಸಿಕೊಂಡು ಬಂದೆ. ಇದರಿಂದ ನಾನೇನೂ ದೊಡ್ಡವನಾಗಲಿಲ್ಲ. ಮರುವಾರ ಆ ಗೋಡೆಯ ಮೇಲೆ ಇನ್ನೊಬ್ಬನ ಸರ್ಟಿಫಿಕೇಟು ಬಂತು. ಅಂಗಡಿ ನಡೆಯಿತು. ಆ ಹಿರಿಯರು ಬದುಕಿರುವವರೆಗೂ ದಾರಿಯಲ್ಲಿ ಸಿಕ್ಕಾಗಲೆಲ್ಲ "ನೀವು ಇದ್ದದ್ದಕ್ಕ ಉಳಿದೆನ್ರಿ" ಎಂದು ಕೈ ಮುಗಿಯುತ್ತಿದ್ದರು. ನಾನು ಇಲ್ಲದ್ದಕ್ಕೇ ಅವರು ಬಿದ್ದದ್ದೆಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಅಂಗಡಿಯ ಮಾಲೀಕರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಆದರೆ ಅವರ ಗಲ್ಲಾಪೆಟ್ಟಿಗೆಯ ಲೆಕ್ಕವನ್ನೂ ನೋಡಬೇಕು. ಸರಕಾರ ಬೆಲೆ ನಿಗದಿಪಡಿಸಿದ ಔಷಧಗಳ ಮೇಲೆ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಚಿಲ್ಲರೆ ಅಂಗಡಿಗೆ ಸಿಗುವುದು, ಅಂಗಡಿಗೆ ಬರುವ ಬೆಲೆಯ ಮೇಲೆ ಶೇಕಡಾ 16. ಉಳಿದವುಗಳ ಮೇಲೆ ಸುಮಾರು ಶೇಕಡಾ 20 ಎಂಬುದು ವ್ಯಾಪಾರದ ರೂಢಿ. ತೆರಿಗೆ ಬಿಟ್ಟು ಹೇಳುವುದಾದರೆ, ನೂರು ರೂಪಾಯಿಗೆ ಬಂದ ಔಷಧವನ್ನು ಅವರು ನೂರಹದಿನಾರಕ್ಕೆ ಮಾರುತ್ತಾರೆ. ಈಗ ನಾವು ಗಿರಾಕಿಗಳು ಹೋಗಿ ಕೇಳುವ ಮೊದಲ ಮಾತು ಏನು? "ಡಿಸ್ಕೌಂಟ್ ಎಷ್ಟು?" ಪಕ್ಕದ ಅಂಗಡಿ ಶೇಕಡಾ 10 ಕೊಡುತ್ತದೆ, ಮೊಬೈಲಿನಲ್ಲಿ ಇನ್ನೂ ಹೆಚ್ಚು ಸಿಗುತ್ತದೆ. ನೂರಹದಿನಾರರ ಮೇಲೆ ಶೇಕಡಾ 10 ಬಿಟ್ಟರೆ ಹನ್ನೊಂದು ರೂಪಾಯಿ ಅರವತ್ತು ಪೈಸೆ ಹೋಯಿತು. ಉಳಿದದ್ದು ನಾಲ್ಕು ರೂಪಾಯಿ ನಲವತ್ತು ಪೈಸೆ. ಅದರಲ್ಲಿ ಬಾಡಿಗೆ, ಶೀತಪೆಟ್ಟಿಗೆಯ ವಿದ್ಯುತ್ತು, ಅವಧಿ ಮೀರಿದ ಮಾಲಿನ ನಷ್ಟ, ಹುಡುಗರ ಸಂಬಳ, ಕೊನೆಯಲ್ಲಿ ಫಾರ್ಮಾಸಿಸ್ಟನದು. ಎರಡನೆಯ ಫಾರ್ಮಾಸಿಸ್ಟನನ್ನು ಎಲ್ಲಿಂದ ತರುವುದು? ಎಷ್ಟೋ ಅಂಗಡಿಗಳಲ್ಲಿ ಮಾಲೀಕನೇ ಫಾರ್ಮಾಸಿಸ್ಟ್. ಅವನ ತೊಂಬತ್ತೆಂಟು ತಾಸುಗಳಿಗೆ ಓ.ಟಿ. ಕೊಡುವವರು ಯಾರೂ ಇಲ್ಲ.

ಇಲ್ಲಿಯೇ ನನ್ನ ಮುಖ್ಯ ಮಾತು ಇರುವುದು. ನಾವು ಔಷಧದ ಬೆಲೆ ಕೊಡುತ್ತೇವೆ, ಔಷಧ ತಿಳಿದವನ ತಿಳಿವಳಿಕೆಗೆ ಬೆಲೆ ಕೊಡುವುದಿಲ್ಲ. ಅವನ ಗಳಿಕೆ ಮಾಲಿನ ಬೆಲೆಯ ಶೇಕಡಾವಾರಿನಲ್ಲಿ ಅಡಗಿಹೋಗಿದೆ. ಇದರ ಪರಿಣಾಮ ವಿಚಿತ್ರವಾಗಿದೆ. ಶೇಕಡಾ 20ರ ಲೆಕ್ಕದಲ್ಲಿ ನೂರು ರೂಪಾಯಿಯ ಹೆಸರಾಂತ ಗುಳಿಗೆ ಕೊಟ್ಟರೆ ಇಪ್ಪತ್ತು ರೂಪಾಯಿ. ಅದೇ ಔಷಧವಿರುವ ಹತ್ತು ರೂಪಾಯಿಯ ಜನರಿಕ್ ಗುಳಿಗೆ ಕೊಟ್ಟರೆ ಎರಡು ರೂಪಾಯಿ. ಬಡ ರೋಗಿಗೆ ಅಗ್ಗದ ಔಷಧವನ್ನು ತಿಳಿಸಿ ಹೇಳಿ, ನಂಬಿಸಿ ಕೊಡಲು ಹೆಚ್ಚು ತಿಳಿವಳಿಕೆಯೂ ಹೆಚ್ಚು ಹೊತ್ತೂ ಬೇಕು, ಅದಕ್ಕೆ ಪ್ರತಿಫಲ ಮಾತ್ರ ಹತ್ತನೆಯ ಒಂದು ಪಾಲು. 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳ ವಿಷಯದಲ್ಲಿ ಸರಕಾರವೂ ಇದನ್ನು ಮನಗಂಡು ಪ್ರತ್ಯೇಕ ಪ್ರೋತ್ಸಾಹಧನ ಇಟ್ಟಿದೆ. ಅಂದರೆ ಬರಿಯ ಶೇಕಡಾವಾರು ಸಾಲದೆಂದು ಸರಕಾರಕ್ಕೂ ತಿಳಿದಿದೆ.

ಹೊಣೆಗಳಾದರೋ ವರ್ಷದಿಂದ ವರ್ಷಕ್ಕೆ ಏರುತ್ತಿವೆ. 2014ರ ಮಾರ್ಚಿನಿಂದ ಎಚ್-1 ಪಟ್ಟಿಯ ಔಷಧಗಳಿಗೆ, ಅಂದರೆ ಕ್ಷಯದ ಔಷಧಗಳು, ಕೆಲವು ಪ್ರಬಲ ಪ್ರತಿಜೀವಕಗಳು, ನಿದ್ರೆಯ ಕೆಲವು ಗುಳಿಗೆಗಳಿಗೆ, ಪ್ರತ್ಯೇಕ ದಾಖಲೆ ಪುಸ್ತಕ ಇಡಬೇಕು. ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಕಾಪಾಡಬೇಕು. 2015ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತಿನ ವೃತ್ತಿ ನಿಯಮಗಳು ಬಂದು ರೋಗಿಗೆ ತಿಳಿಸಿ ಹೇಳುವುದನ್ನೂ ಕರ್ತವ್ಯವೆಂದವು. ಎಲ್ಲವೂ ಯೋಗ್ಯವಾದವೇ. ಪ್ರತಿಜೀವಕಗಳನ್ನು ಕಡಲೆಕಾಯಿಯಂತೆ ಮಾರಿದ್ದರ ಫಲವನ್ನು ದೇಶ ಉಣ್ಣುತ್ತಿದೆ. ಆದರೆ ಈ ಯಾವ ನಿಯಮವೂ ಈ ಕೆಲಸಕ್ಕೆ ಹೊತ್ತು ಎಲ್ಲಿಂದ, ಹಣ ಎಲ್ಲಿಂದ ಎಂದು ಹೇಳಿಲ್ಲ.

ಸಂಬಳದ ಅಂತರವನ್ನೂ ನೋಡಿ. ಕೇಂದ್ರ ಸರಕಾರದ ಆಸ್ಪತ್ರೆಯಲ್ಲಿ ಸೇರುವ ಫಾರ್ಮಾಸಿಸ್ಟನಿಗೆ ಏಳನೆಯ ವೇತನ ಆಯೋಗದ ಪ್ರಕಾರ ಮೂಲ ವೇತನವೇ 29,200 ರೂಪಾಯಿ, ಅದರ ಮೇಲೆ ಭತ್ಯೆಗಳು, ನಿಶ್ಚಿತ ಪಾಳಿ, ರಜೆ. ಅದೇ ಓದು ಓದಿ ನವಿ ಮುಂಬಯಿಯ ಅಂಗಡಿಗಳಲ್ಲಿ ನಿಂತ, ನಾನು ಬಲ್ಲ ಹುಡುಗರಲ್ಲಿ ಬಹುಪಾಲು ಜನ ಆ ಮೂಲ ವೇತನದ ಹತ್ತಿರಕ್ಕೂ ಬಂದವರಲ್ಲ. ಅವರಲ್ಲಿ ಕಲಬುರಗಿಯವರಿದ್ದಾರೆ, ಬೀದರದವರಿದ್ದಾರೆ, ಜತ್ತ-ಅಕ್ಕಲಕೋಟೆಯ ಕನ್ನಡದ ಹುಡುಗರಿದ್ದಾರೆ. ನಾಲ್ವರು ಕೂಡಿ ಒಂದು ಖೋಲಿ ಹಿಡಿದು ಇರುತ್ತಾರೆ. ಭಾನುವಾರ ಅರ್ಧ ದಿನ ರಜೆ ಸಿಕ್ಕರೆ ನಮ್ಮ ಸಂಘದ ಕಾರ್ಯಕ್ರಮಕ್ಕೆ ಬಂದು ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಾರೆ. ಯುವಕರಿಗೆ ಸಾಹಿತ್ಯದ ಆಸಕ್ತಿಯಿಲ್ಲ ಎಂದು ವೇದಿಕೆಯಿಂದ ನಾವು ಹಳಿಯುತ್ತೇವೆ.

ಅವರು ಕೇಳಬೇಕಾದ್ದನ್ನು ಕೇಳುವವರೂ ಇಲ್ಲ. ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ 2015ರ ಅಕ್ಟೋಬರಿನಲ್ಲಿ, 2017ರ ಮೇ ತಿಂಗಳಲ್ಲಿ, 2018ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿ ಬಂದ್ ಮಾಡಿತು. ಅಂತರ್ಜಾಲದ ಮಾರಾಟದ ವಿರುದ್ಧ ಮಾಲೀಕರು ಎತ್ತಿದ ಪ್ರಶ್ನೆಗಳಲ್ಲಿ ಹುರುಳಿತ್ತು. ಆದರೆ ಸಂಬಳದ ಮೇಲೆ ದುಡಿಯುವ ಫಾರ್ಮಾಸಿಸ್ಟನ ತಾಸುಗಳ ಮಾತು ಆ ಬಂದ್‌ಗಳ ವಿಷಯವಾಗಿರಲಿಲ್ಲ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಈ ಅಂಗಡಿಗಳು ತೆರೆದಿದ್ದವು. ಕೆಮ್ಮುವವರೆಲ್ಲ ಮೊದಲು ಬಂದದ್ದು ಇಲ್ಲಿಗೇ. ಆರೋಗ್ಯ ಕಾರ್ಯಕರ್ತರಿಗೆಂದು ಸಾರಿದ ಐವತ್ತು ಲಕ್ಷ ರೂಪಾಯಿಯ ವಿಮೆಯಲ್ಲಿ ಅಂಗಡಿಯ ಫಾರ್ಮಾಸಿಸ್ಟ್ ಸೇರಿರಲಿಲ್ಲ. ನಾವು ಮಹಡಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದಾಗಲೂ ಕೆಳಗಿನ ಅಂಗಡಿಯವನು ನೆನಪಾದದ್ದು ಎಷ್ಟು ಜನಕ್ಕೆ?

ಹಾಗಾದರೆ ಸಂಬಳ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆಯೇ? ಅಮೆರಿಕದ ಉದಾಹರಣೆ ಹಾಗೆ ಹೇಳುವುದಿಲ್ಲ. ಅಲ್ಲಿಯ ಫಾರ್ಮಾಸಿಸ್ಟನ ಮಧ್ಯಮ ವಾರ್ಷಿಕ ವೇತನ 2023ರಲ್ಲಿ ಸುಮಾರು 1,36,000 ಡಾಲರ್. ಅದೇ 2023ರ ಸೆಪ್ಟೆಂಬರಿನಲ್ಲಿ ಕಾನ್ಸಾಸ್ ಸಿಟಿಯಲ್ಲಿ ದೊಡ್ಡ ಸರಪಣಿ ಅಂಗಡಿಗಳ ಫಾರ್ಮಾಸಿಸ್ಟರು ಕೆಲಸಕ್ಕೆ ಬಾರದೆ ಪ್ರತಿಭಟಿಸಿದರು. ಅಕ್ಟೋಬರಿನಲ್ಲಿ ಇನ್ನೊಂದು ಸರಪಣಿಯವರೂ ಹಾಗೆಯೇ ಮಾಡಿದರು. ಅವರ ಮುಖ್ಯ ದೂರು, ಸಾಕಷ್ಟು ಜನರನ್ನು ಕೊಡದೆ ಚೀಟಿಗಳ ರಾಶಿ ಹಾಕುತ್ತಾರೆ, ಹೀಗಾದರೆ ರೋಗಿಗೆ ತಪ್ಪು ಔಷಧ ಹೋಗುತ್ತದೆ ಎಂಬುದು. ಅಷ್ಟು ಸಂಬಳ ಪಡೆಯುವವರನ್ನೂ ಬೀದಿಗೆ ತಂದದ್ದು, ಕಲಿತ ಕೆಲಸವನ್ನು ಕಲಿತಂತೆ ಮಾಡಲು ಬಿಡುತ್ತಿಲ್ಲವೆಂಬ ಸಂಕಟ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಔಷಧದ ಬೆಲೆಯಲ್ಲದೆ ವಿತರಿಸುವ ಪ್ರತಿಯೊಂದು ಔಷಧಕ್ಕೂ ಅಂಗಡಿಗೆ ಬೇರೆಯೇ ಶುಲ್ಕ ಸಲ್ಲುತ್ತದೆ. ಅಲ್ಲಿಯೂ ಶುಲ್ಕ ಸಾಲದೆಂಬ ದೂರು ಇದೆ. ಆದರೆ ಕೊಡುವ ಕೈಗೆ ಒಂದು ಬೆಲೆಯುಂಟೆಂಬ ತತ್ವವನ್ನು ಅವರು ಒಪ್ಪಿದ್ದಾರೆ.

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ನನ್ನ ಸೇವೆಯಲ್ಲಿ ತೃಪ್ತಿ ಕೊಟ್ಟ ದಿನಗಳು ಸಂಬಳದ ದಿನಗಳಾಗಿರಲಿಲ್ಲ. ಉಬ್ಬಸದ ಮಗುವಿನ ತಾಯಿಗೆ ಪಂಪನ್ನು ಹೇಗೆ ಎಳೆಯಬೇಕೆಂದು ಮೂರು ಸಲ ತೋರಿಸಿ, ನಾಲ್ಕನೆಯ ಸಲ ಆಕೆ ತಾನೇ ಸರಿಯಾಗಿ ಮಾಡಿ ತೋರಿಸಿದ ದಿನ. ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತೆಂದು ಕ್ಷಯದ ಗುಳಿಗೆ ಬಿಡಲು ಹೊರಟ ಕೂಲಿಗೆ ಕನ್ನಡದಲ್ಲಿ ಗದರಿ ಆರು ತಿಂಗಳು ಮುಗಿಸಿಸಿದ ದಿನ. ಈ ಕೆಲಸಕ್ಕೆ ಐದು ನಿಮಿಷ ಬೇಕು. ಹದಿಮೂರನೆಯ ತಾಸಿನಲ್ಲಿ ನಿಂತವನ ಬಳಿ ಆ ಐದು ನಿಮಿಷವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಒಂದು ವಿಶೇಷ ಕುರುಡುತನ ಇದೆಯೆಂದು ನನಗೆ ಅನಿಸುತ್ತದೆ. ನಮ್ಮ ಹಿಂದಿನ ತಲೆಮಾರು ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಬೆಂಚಿನ ಮೇಲೆ ಮಲಗಿ ಮೇಲೆ ಬಂದದ್ದು. ಆ ಶ್ರಮವನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಆ ಅಭಿಮಾನ ಬರಬರುತ್ತ ಒಂದು ಅಳತೆಗೋಲಾಗಿಬಿಟ್ಟಿದೆ. ಯಾರಾದರೂ ತಾಸುಗಳ ಮಾತೆತ್ತಿದರೆ "ನಾವು ಹದಿನಾರು ತಾಸು ದುಡಿಯಲಿಲ್ಲವೇ?" ಎನ್ನುತ್ತೇವೆ. ದಣಿದ ಮಾಣಿಯ ಕೈಯಿಂದ ಕಪ್ಪು ಬಸಿ ಜಾರಿದರೆ ಒಡೆಯುವುದು ಪಿಂಗಾಣಿ. ದಣಿದ ಫಾರ್ಮಾಸಿಸ್ಟನ ಕಣ್ಣಿಗೆ ಒಂದಕ್ಷರ ತಪ್ಪಿದರೆ ಹೃದಯದ ಗುಳಿಗೆಯ ಬದಲು ಇನ್ನಾವುದೋ ಹೋಗುತ್ತದೆ. ಅದೂ ಅಲ್ಲದೆ, ಆ ಹಿರಿಯರು ಅಷ್ಟು ದುಡಿದದ್ದು ಮಕ್ಕಳು ಅಷ್ಟು ದುಡಿಯಬಾರದೆಂದೇ ಅಲ್ಲವೇ?

ನಾವು ಮಾಡಬಹುದಾದದ್ದೇನು? ಕಾನೂನಿನಲ್ಲಿ ಆಗಬೇಕಾದದ್ದು ಒಂದಿದೆ. ವೈದ್ಯರ ಚೀಟಿಯೊಂದಕ್ಕೆ ಇಷ್ಟು ಎಂದು ಒಂದು ಸಣ್ಣ ವಿತರಣಾ ಶುಲ್ಕ, ಔಷಧದ ಬೆಲೆಯಿಂದ ಬೇರೆಯಾಗಿ, ಬಿಲ್ಲಿನಲ್ಲಿ ಕಾಣುವಂತೆ. ಫಾರ್ಮಾಸಿಸ್ಟ್ ಸ್ವತಃ ನಿಂತು ಕೊಟ್ಟಾಗ ಮಾತ್ರ ಅದನ್ನು ಪಡೆಯುವ ಹಕ್ಕಿರಬೇಕು. ಬಡವರ ಪಾಲಿನದನ್ನು ಸರಕಾರ ಭರಿಸಲಿ. ಜೊತೆಗೆ, ಸರ್ಟಿಫಿಕೇಟು ತೂಗಿಹಾಕುವ ಗೋಡೆಯ ಮೇಲೆ ಈಗ ಯಾರು ಇದ್ದಾರೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬ ಫಲಕವೂ ಇರಲಿ. ನೌಕರರ ಸಂಖ್ಯೆ ಎಷ್ಟೇ ಇರಲಿ, ಔಷಧ ಕೊಡುವವನ ತಾಸುಗಳಿಗೆ ಮಿತಿ ಇರಲಿ. ಬಸ್ಸಿನ ಚಾಲಕನ ತಾಸುಗಳಿಗೆ ಮಿತಿ ಬೇಕೆಂದು ಒಪ್ಪುವ ನಾವು ಇದನ್ನು ಒಪ್ಪದಿರಲು ಕಾರಣವಿಲ್ಲ.

ಕಾನೂನಿಗೆ ಕಾಯದೆ ಆಗುವಂಥದೂ ಇದೆ. ಔಷಧದಂಗಡಿ ನಡೆಸುವ ನಮ್ಮ ಬಂಧುಗಳು ಹತ್ತಿರಹತ್ತಿರದ ಎರಡು ಅಂಗಡಿ ಸೇರಿ ಯೋಚಿಸಲಿ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ತೆರೆದಿರುವ ಬದಲು ಸರದಿಯ ಮೇಲೆ ಒಬ್ಬರು ತೆರೆದಿದ್ದರೆ ರೋಗಿಗೂ ನಷ್ಟವಿಲ್ಲ, ಇಬ್ಬರಿಗೂ ಮನೆಯ ಊಟ ಸಿಗುತ್ತದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತವೆ. ಡಾಕ್ಟರರಿಗೆ ಶಾಲು ಹೊದಿಸುತ್ತೇವೆ. ಮುಂದಿನ ಸಲ ಒಬ್ಬ ಫಾರ್ಮಾಸಿಸ್ಟನನ್ನೂ ಒಂದು ಮೇಜಿನ ಹಿಂದೆ ಕೂರಿಸೋಣ. ನಮ್ಮ ಹಿರಿಯರು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ತಂದು ಅವನ ಮುಂದೆ ಸುರಿಯಲಿ. ಎಷ್ಟು ಚೀಲಗಳಲ್ಲಿ ಒಂದೇ ಔಷಧ ಎರಡು ಹೆಸರಿನಲ್ಲಿ ಸಿಗುತ್ತದೆ ಎಂಬುದನ್ನು ಕಣ್ಣಾರೆ ಕಂಡರೆ ಈ ಲೇಖನದ ಅಗತ್ಯವೇ ಬೀಳದು. ಇನ್ನು ಗಿರಾಕಿಯಾಗಿ ಪ್ರತಿಯೊಬ್ಬರೂ ಮಾಡಬಹುದಾದದ್ದು ಒಂದು ಪ್ರಶ್ನೆ ಕೇಳುವುದು. ಡಿಸ್ಕೌಂಟ್ ಎಷ್ಟು ಎನ್ನುವ ಮೊದಲು, ಫಾರ್ಮಾಸಿಸ್ಟ್ ಇದ್ದಾರೆಯೇ ಎಂದು ಕೇಳೋಣ.

ಅಕ್ಕನ ಮಗನಿಗೆ ಕಳೆದ ವಾರ ಫೋನು ಮಾಡಿದೆ. ಓದಪಾ, ಒಳ್ಳೆಯ ವಿದ್ಯೆ ಎಂದೆ. ಡಿಪ್ಲೊಮಾದಲ್ಲಿ ನಿಲ್ಲಬೇಡ, ಸಾಧ್ಯವಾದರೆ ಪದವಿಯನ್ನೂ ಮಾಡು ಎಂದೆ. ಕೆಲಸ ಹಿಡಿಯುವಾಗ ಮೊದಲು ತಾಸು ಕೇಳು, ಆಮೇಲೆ ಸಂಬಳ ಕೇಳು ಎಂದೆ. ನೀನು ಇಲ್ಲದ ಗೋಡೆಯ ಮೇಲೆ ನಿನ್ನ ಸರ್ಟಿಫಿಕೇಟು ತೂಗಬಾರದು, ಎಷ್ಟೇ ಅಡಚಣೆ ಬಂದರೂ, ಎಂದು ಹೇಳಿ ಆ ಬಿಲ್ಲಿನ ಕಥೆಯನ್ನೂ ಹೇಳಿದೆ. ಮನೆಯವರಿಗೂ ಅಲ್ಲಿಯವರೆಗೆ ಹೇಳಿರದ ಕಥೆ ಅದು. ಅತ್ತ ಕಡೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆದ್ರ ಮಾಮಾ, ತಾಸು ಕೇಳಿದ್ರ ಕೆಲಸ ಕೊಡತಾರೇನ್ರಿ?" ಎಂದ.

ಇದಕ್ಕೆ ಉತ್ತರ ನನ್ನೊಬ್ಬನ ಕೈಯಲ್ಲಿಲ್ಲ. ಔಷಧ ಕೊಳ್ಳುವವರೂ ಮಾರುವವರೂ ಆದ ನಮ್ಮೆಲ್ಲರ ಕೈಯಲ್ಲಿದೆ.